ಬೀನ್ಸ್ ಬಳ್ಳಿ ಯಾವ ಕಡೆಗೆ

ಗೇಟಿನ ಬೀಗದ ಕೈ ಕೊಡುವಾಗ ತೋಟಗಾರರ ಸಂಘದ ಅಧ್ಯಕ್ಷ ಹೆಪಲ್‌ನ ಮುಖ ಹರಳೆಣ್ಣೆ ಕುಡಿದ ಹಾಗಿತ್ತು. ಕೊಡದೆ ವಿಧಿಯಿಲ್ಲ, ಕೊಡೋಕೆ ಮನಸ್ಸಿಲ್ಲ. ರೈಲು ಹಳಿಯ ಪಕ್ಕದ ಆ ತರಕಾರಿ ತೋಟಗಳು ಗಣಿ ಶುರುವಾದಾಗಿನಿಂದ ಗಂಡಸರ ಸಾಮ್ರಾಜ್ಯ. ಪಾಳಿ ಮುಗಿಸಿ ಬಂದವರು ಊಟ ಮಾಡಿ, ಒಂದು ಸಲಿಕೆ ಹೆಗಲಿಗೇರಿಸಿ ಅಲ್ಲಿಗೆ ಹೋದರೆ ಮತ್ತೆ ಹೆಂಡತಿಯ ಕಣ್ಣಿಗೆ ಬೀಳುತ್ತಿದ್ದದ್ದು ಕತ್ತಲಾದ ಮೇಲೇ. ಆಮೇಲೆ ಗಣಿ ಮುಚ್ಚಿತು, ಪಾಳಿ ಹೋಯಿತು. ತೋಟಕ್ಕೆ ಓಡುವುದು ಮಾತ್ರ ನಿಲ್ಲಲಿಲ್ಲ. ಅಂಥ ಜಾಗದಲ್ಲಿ ಸ್ವಂತ ಹೆಸರಿಗೆ ಅರ್ಜಿ ಹಾಕಿ, ವರ್ಷಗಟ್ಟಲೆ ಸರದಿ ಕಾದು, ಒಂದು ತುಂಡು ನೆಲ ಗಿಟ್ಟಿಸಿಕೊಂಡ ಮೊದಲ ಹೆಂಗಸು ಥೆಲ್ಮಾ ಡಾಡ್ಸ್.

"ನಿಯಮ ಗೊತ್ತಲ್ಲ ಮಿಸೆಸ್ ಡಾಡ್ಸ್?" ಅಂದ ಹೆಪಲ್. "ಮೇ ತಿಂಗಳ ಮೊದಲ ಶನಿವಾರ ಸಮಿತಿ ಸುತ್ತು ಬರುತ್ತೆ. ಅಷ್ಟರಲ್ಲಿ ಅರ್ಧ ನೆಲ ಅಗೆದಿರಬೇಕು. ಮಡಿ, ದಾರಿ, ಯಾವ ಬೆಳೆ ಎಲ್ಲಿ, ಎಲ್ಲಾ ಗುರುತಾಗಿರಬೇಕು. ಆಗಿಲ್ಲ ಅಂದ್ರೆ ಬೀಗದ ಕೈ ವಾಪಸ್ಸು. ನೆಲ ಸರದೀಲಿ ಮುಂದಿರೋರಿಗೆ ಹೋಗುತ್ತೆ."

"ಮುಂದಿರೋರು ಯಾರು?"

ಹೆಪಲ್ ಒಂದು ಸಲ ಕೆಮ್ಮಿದ. "ನನ್ನ ಭಾಮೈದ."

"ಓಹೋ! ಹಾಗಾದ್ರೆ ಹೊತ್ತು ಕಳೆಯೋಕೆ ನಿಮ್ಮ ಭಾಮೈದನಿಗೆ ಇಸ್ಪೀಟು ಕಲಿಯೋಕೆ ಹೇಳಿ," ಅಂದು ಥೆಲ್ಮಾ ಬೀಗದ ಕೈಯನ್ನು ಕೋಟಿನ ಜೇಬಿಗೆ ಹಾಕಿಕೊಂಡು ನಡೆದೇಬಿಟ್ಟಳು.

ಬಾಯಿ ಜೋರು, ನಿಜ. ಆದರೆ ಆ ನೆಲ ಅವಳಿಗೆ ಯಾಕೆ ಬೇಕಿತ್ತು ಅಂತ ಒಂದು ಮಾತು ಹೇಳಿಬಿಡಬೇಕು. ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡಿದವಳು ಥೆಲ್ಮಾ. ಸೋಮವಾರ ಏನು, ಮಂಗಳವಾರ ಏನು ಅಂತ ಮೇಲಿನವರು ಬರೆದು ಕಳಿಸುತ್ತಿದ್ದರು. ಕ್ಯಾರೆಟ್ ಎಷ್ಟು ಹೊತ್ತು ಬೇಯಬೇಕು ಅನ್ನುವುದನ್ನೂ ಬಿಡುತ್ತಿರಲಿಲ್ಲ. ಬೆಂದು ಬೆಂದು ಹಿಟ್ಟಾದ ಆ ಕ್ಯಾರೆಟ್ಟನ್ನು ಮಕ್ಕಳು ತಟ್ಟೆಯ ಅಂಚಿಗೆ ತಳ್ಳುವುದನ್ನು ನೋಡಿ ಹೊಟ್ಟೆ ಉರಿಯುತ್ತಿತ್ತು, ಏನೂ ಮಾಡುವ ಹಾಗಿರಲಿಲ್ಲ. ಇದ್ದ ಮನೆ ಗಣಿಯವರದ್ದು. ಬಾಗಿಲಿಗೆ ಯಾವ ಬಣ್ಣ ಅನ್ನುವುದನ್ನೂ ಅವರೇ ಹೇಳುತ್ತಿದ್ದರು. ಏನು ಎಲ್ಲಿ ಇರಬೇಕು ಅಂತ ತಾನೇ ಹೇಳುವ ಜಾಗ ಭೂಮಿಯ ಮೇಲೆ ಅವಳಿಗೆ ಎಲ್ಲೂ ಇರಲಿಲ್ಲ. ಈಗ ಸಿಕ್ಕಿತ್ತು, ಮೇ ತಿಂಗಳವರೆಗೆ.

ಅವತ್ತೇ ಸಂಜೆ ಅಡುಗೆಮನೆಯ ಮೇಜಿನ ಮೇಲೆ, ಗೋಡೆಗೆ ಅಂಟಿಸಿ ಉಳಿದಿದ್ದ ಹೂವಿನ ಕಾಗದವನ್ನು ತಿರುವಿಹಾಕಿ ಹರಡಿದಳು. ನಾಲ್ಕು ಮೂಲೆಗೆ ಉಪ್ಪಿನ ಡಬ್ಬಿ, ಟೀ ಕೆಟಲ್ಲು, ಮರ್ಮಲೇಡಿನ ಜಾಡಿ, ಗಂಡನ ಕೈ. ಗಂಡ ನಾರ್ಮನ್‌ನ ಎದೆಯಲ್ಲಿ ಗಣಿಯ ಧೂಳು ಶಾಶ್ವತವಾಗಿ ಮನೆ ಮಾಡಿಕೊಂಡಿತ್ತು. ಅಗೆಯೋಕೆ ಆಗುತ್ತಿರಲಿಲ್ಲ ಪಾಪ. ಸಲಹೆ ಕೊಡೋಕೆ ಏನೂ ತೊಂದರೆ ಇರಲಿಲ್ಲ.

"ಲೀಕ್ ಎಲ್ಲಿ ಬರುತ್ತೆ ಇದರಲ್ಲಿ?"

"ಬರಲ್ಲ."

"ಲೀಕ್ ಇಲ್ಲಾ?" ಕಾಗದದ ಮೇಲಿಂದ ನಾರ್ಮನ್‌ನ ಕೈ ಎದ್ದುಬಿಟ್ಟಿತು, ಆ ಮೂಲೆ ಸುರುಳಿ ಸುತ್ತಿಕೊಂಡಿತು. "ಊರಲ್ಲಿ ಹೇಗೆ ತಲೆ ಎತ್ಕೊಂಡು ಓಡಾಡೋದೇ ನಾನು?"

"ತೋಳಿನ ಗಾತ್ರ ಬೆಳೆಸಿ, ಪ್ರದರ್ಶನಕ್ಕಿಟ್ಟು, ಪಕ್ಕದವನದ್ದು ನನ್ನದಕ್ಕಿಂತ ದಪ್ಪ ಅಂತ ವರ್ಷವೆಲ್ಲಾ ಮುಖ ಊದಿಸಿಕೊಳ್ಳೋ ಆ ಈರುಳ್ಳಿ ಜಾತಿಗೆ ನನ್ನ ನೆಲದಲ್ಲಿ ಜಾಗ ಇಲ್ಲ. ತಿನ್ನೋದನ್ನ ಮಾತ್ರ ಬೆಳೆಯೋದು. ಕೈ ಇಡು ಮೂಲೆಗೆ."

ಅವನು ಕೈ ಇಟ್ಟ. ಅವಳು ಗೆರೆ ಎಳೆದಳು. ಈ ಸೀಮೆಯಲ್ಲಿ ಸೂರ್ಯ ನೆತ್ತಿಗೇರುವ ಗೋಜಿಗೇ ಹೋಗುವುದಿಲ್ಲ. ದಕ್ಷಿಣದ ಕಡೆಯಿಂದಲೇ ಸೊಂಟ ಬಗ್ಗಿಸಿಕೊಂಡು ದಾಟಿಹೋಗುತ್ತಾನೆ. ಹಾಗಾಗಿ ನೆರಳೆಲ್ಲ ಉತ್ತರಕ್ಕೆ. ಎತ್ತರದ ಬೆಳೆ ಉತ್ತರದ ತುದಿಯಲ್ಲಿದ್ದರೆ ಗಿಡ್ಡ ಬೆಳೆಗೆ ಬಿಸಿಲು ತಪ್ಪುವುದಿಲ್ಲ. ಅದಕ್ಕೇ ದಕ್ಷಿಣದ ಬೇಲಿಯ ಹತ್ತಿರ ಲೆಟ್ಯೂಸು, ಮೂಲಂಗಿ; ಆಮೇಲೆ ಕ್ಯಾರೆಟ್ಟು, ಈರುಳ್ಳಿ; ನಡುವೆ ಕೈಗಾಡಿ ಹಿಡಿಸುವಷ್ಟು ದಾರಿ; ದಾರಿಯ ಆಚೆ ಆಲೂಗಡ್ಡೆ, ಬಟಾಣಿ; ಕಟ್ಟಕಡೆಗೆ, ಉತ್ತರದ ತುದಿಯಲ್ಲಿ, ಆಳೆತ್ತರದ ಗಳಗಳ ಮೇಲೆ ಬಳ್ಳಿ ಬೀನ್ಸು. ಬರೆದು ಮುಗಿಸಿ ದೂರ ನಿಂತು ನೋಡಿದಳು. ಎಷ್ಟು ಚೆನ್ನಾಗಿತ್ತು ಅಂದರೆ ನಾರ್ಮನ್ ಕೂಡ ಲೀಕ್ ಮರೆತ.

ಮಾರನೆಯ ದಿನ ತೋಟಕ್ಕೆ ಹೋಗಿ ನೋಡಿದರೆ, ಹಿಂದೆ ಆ ನೆಲ ಮಾಡುತ್ತಿದ್ದ ಮುದುಕ ಆಲ್ಡರ್ಸನ್ ಎಲ್ಲವನ್ನೂ ಉಲ್ಟಾ ಮಾಡಿದ್ದ! ಬೀನ್ಸಿನ ಹಳೆಯ ಗಳಗಳು ದಕ್ಷಿಣದ ಬೇಲಿಗೆ ಒರಗಿ ನಿಂತಿದ್ದವು. ಸೊಪ್ಪಿನ ಮಡಿಗಳು ಅವುಗಳ ನೆರಳಲ್ಲಿ ಉತ್ತರಕ್ಕೆ ಬಿದ್ದುಕೊಂಡಿದ್ದವು.

"ಅಯ್ಯೋ ಮಾರಾಯ!" ಅಂತ ಥೆಲ್ಮಾ ಇಡೀ ತೋಟಕ್ಕೆ ಕೇಳುವ ಹಾಗೆ ನಕ್ಕಳು. "ಇಷ್ಟು ವರ್ಷ ಕತ್ತಲಲ್ಲಿ ಸೊಪ್ಪು ಬೆಳೆದನಾ ಈ ಮನುಷ್ಯ? ಸೂರ್ಯ ಯಾವ ಕಡೆ ಇರ್ತಾನೆ ಅಂತ ಒಂದು ಸಲಾನೂ ತಲೆ ಎತ್ತಿ ನೋಡಲಿಲ್ಲವಾ?"

ಪಕ್ಕದ ತೋಟದ ಮ್ಯಾಟಿ ರಾಬ್ಸನ್ ಇದನ್ನು ಕೇಳಿಸಿಕೊಂಡ. ಉತ್ತರಕ್ಕೆ ಅವನದೇ ನೆಲ. ಅಲ್ಲಿ ತರಕಾರಿ ಅಷ್ಟಕ್ಕಷ್ಟೇ. ಹಸಿರು, ಬಿಳಿ ಪಟ್ಟೆ ಬಳಿದ ಒಂದು ದೊಡ್ಡ ಪಾರಿವಾಳದ ಗೂಡು ಥೆಲ್ಮಾಳ ನೆಲಕ್ಕೇ ಮುಖಮಾಡಿ ನಿಂತಿತ್ತು. ಮ್ಯಾಟಿ ಬ್ರಹ್ಮಚಾರಿ. ಪಾರಿವಾಳಗಳ ಜೊತೆ ದಿನವಿಡೀ ಮಾತಾಡುವವನು, ಮನುಷ್ಯರು ಎದುರಾದರೆ ಟೋಪಿ ಸರಿಮಾಡಿಕೊಂಡು ಬೇರೆ ಕಡೆ ನೋಡುವವನು. ಈಗಲೂ ಟೋಪಿ ಸರಿಮಾಡಿಕೊಂಡ, ಬಾಯಿ ತೆರೆದ, ಮುಚ್ಚಿದ, ಗೂಡಿನೊಳಕ್ಕೆ ಹೊರಟುಹೋದ.

ಥೆಲ್ಮಾ ಅಗೆಯೋಕೆ ಶುರುಮಾಡಿದಳು. ಬಿಳಿ ದಾರದ ಹಾಗೆ ನೆಲವೆಲ್ಲಾ ಹೆಣೆದುಕೊಂಡಿದ್ದ ಹುಲ್ಲಿನ ಬೇರನ್ನು ಕಿತ್ತು ಕಿತ್ತು ಗುಡ್ಡೆ ಹಾಕಿದಳು. ಮಣ್ಣಿನಿಂದ ಇಟ್ಟಿಗೆ ಚೂರು ಬಂತು, ತಳವಿಲ್ಲದ ಕೆಟಲ್ಲು ಬಂತು, ಒಂಟಿ ಬೂಟು ಬಂತು. ರಾತ್ರಿ ಬೆನ್ನು ನೆಟ್ಟಗಾಗುತ್ತಿರಲಿಲ್ಲ. ಬೆಳಿಗ್ಗೆ ಎದ್ದು ಮತ್ತೆ ಹೊರಟೇ ಬಿಡುತ್ತಿದ್ದಳು. ಅಗೆದ ನೆಲಕ್ಕೆ ಗೂಟ ಹೊಡೆದು, ದಾರ ಬಿಗಿದು, ದಾರದ ಗುಂಟ ಮಡಿಯ ಅಂಚು ಕಟ್ಟಿದಳು. ದಾರಿಯ ಮೇಲೆ ಒಲೆಯ ಬೂದಿ ಹರಡಿ ತುಳಿದು ಗಟ್ಟಿಮಾಡಿದಳು. ಆಚೀಚೆಯ ಗಂಡಸರು ಮೊದಮೊದಲು ಬೇಲಿಗೆ ಒರಗಿ ಮಜಾ ನೋಡಿದರು, ಆಮೇಲೆ ಸುಮ್ಮನಾದರು, ಆಮೇಲೆ ಒಬ್ಬ ಬಂದು "ಅಂಚು ಇಷ್ಟು ನೇರ ಹೇಗೆ ಬಂತು?" ಅಂತ ಕೇಳಿದ. ಥೆಲ್ಮಾಗೆ ಆ ದಿನ ಬೆನ್ನು ನೋಯಲಿಲ್ಲ.

ಏಪ್ರಿಲ್ ಕೊನೆಯ ಶನಿವಾರ ಮಧ್ಯಾಹ್ನ ಬೀನ್ಸಿನ ಗಳಗಳನ್ನು ನೆಟ್ಟಳು. ಬೀಜ ಹಾಕೋಕೆ ಇನ್ನೂ ಹೊತ್ತಿತ್ತು, ಚಳಿ ಹೋಗಿರಲಿಲ್ಲ. ಆದರೆ ಸಮಿತಿಯ ಕಣ್ಣಿಗೆ ಬೀನ್ಸಿನ ಮಡಿ ಬೀನ್ಸಿನ ಮಡಿಯ ಹಾಗೆ ಕಾಣಬೇಡವೇ? ಉತ್ತರದ ತುದಿಯಲ್ಲಿ ಎರಡು ಸಾಲು ಗಳ, ತುದಿಗಳನ್ನು ಸೇರಿಸಿ ಕಟ್ಟಿದಳು. ಬಟಾಣಿ ಮೊಳಕೆ ತಿನ್ನೋಕೆ ಕಾಡುಪಾರಿವಾಳ ಬರುತ್ತವಲ್ಲ, ಅವು ಹೆದರಲಿ ಅಂತ ಬ್ರೆಡ್ಡಿನ ಪ್ಲಾಸ್ಟಿಕ್ ಹಾಳೆಗಳನ್ನು ಸೀಳಿ ಗಳದ ತುದಿಗೆಲ್ಲಾ ಕಟ್ಟಿದಳು. ಗಾಳಿಗೆ ಅವು ಪಟಪಟ ಅಂದವು. ಥೆಲ್ಮಾಗೆ ಖುಷಿಯೋ ಖುಷಿ.

ಅಷ್ಟರಲ್ಲಿ ಪಕ್ಕದಲ್ಲಿ ಮ್ಯಾಟಿ ಜೋಳದ ಡಬ್ಬಿ ಅಲ್ಲಾಡಿಸತೊಡಗಿದ.

"ಬಾರಮ್ಮಾ... ಬಾ ಬಾ ಬಾ... ಬಂದುಬಿಡೇ ತಾಯಿ..."

ತಲೆಯ ಮೇಲೆ ಒಂದು ನೀಲಿ ಪಾರಿವಾಳ ಸುತ್ತು ಹಾಕುತ್ತಿತ್ತು. ಪಾರಿವಾಳದ ಪಂದ್ಯ ಅಂದರೆ ಥೆಲ್ಮಾಗೆ ಗೊತ್ತಿದ್ದದ್ದು ಇಷ್ಟೇ: ಶನಿವಾರ ಗಂಡಸರು ಆಕಾಶ ನೋಡುತ್ತಾರೆ, ರಾತ್ರಿ ಕ್ಲಬ್ಬಿನಲ್ಲಿ ಜಗಳವಾಡುತ್ತಾರೆ. ಹಕ್ಕಿ ಹೇಗೆ ಇಳಿಯುತ್ತದೆ ಅಂತ ಯಾವ ಹೆಂಗಸು ನೋಡಿದ್ದಾಳೆ? ಅವಳು ಕೊನೆಯ ಗಳಕ್ಕೆ ಸುತ್ತಿಗೆಯಿಂದ ನಾಲ್ಕು ಏಟು ಕೊಟ್ಟು, ಕೈಯಲ್ಲಿದ್ದ ಪ್ಲಾಸ್ಟಿಕ್ ಪಟ್ಟಿಯನ್ನೇ ಬೀಸಿ ಕೂಗಿದಳು:

"ಏನು ಮ್ಯಾಟಿ! ಹವಾ ಚೆನ್ನಾಗಿದೆ ಅಲ್ವಾ ಇವತ್ತು?"

ಪಾರಿವಾಳ ಇಳಿಯೋಕೆ ಬಂದದ್ದು ಸರಕ್ಕನೆ ಮೇಲೆದ್ದಿತು. ಇನ್ನೊಂದು ಸುತ್ತು ಹಾಕಿತು, ಮತ್ತೊಂದು, ಆಮೇಲೆ ಹೋಗಿ ಪ್ರಾರ್ಥನಾ ಮಂದಿರದ ಮಾಡಿನ ಮೇಲೆ ಕುಳಿತಿತು. ಮ್ಯಾಟಿ ಡಬ್ಬಿ ಅಲ್ಲಾಡಿಸುತ್ತಲೇ ಇದ್ದ. ಬಹಳ ಹೊತ್ತಾದ ಮೇಲೆ ಒಂದು ಬಕೆಟ್ಟು ಬೋರಲು ಹಾಕಿಕೊಂಡು ಕುಳಿತ, ಡಬ್ಬಿಯನ್ನು ನೆಲಕ್ಕಿಟ್ಟ.

ವಿಷಯ ತಿಳಿದದ್ದು ಮನೆಯಲ್ಲಿ. ನಾರ್ಮನ್ ಕ್ಲಬ್ಬಿನಿಂದ ಬೇಗ ಬಂದು, ಟೋಪಿ ಕೈಯಲ್ಲಿ ಹಿಡಿದುಕೊಂಡು ಬಾಗಿಲಲ್ಲೇ ನಿಂತ.

"ಥೆಲ್ಮಾ, ಮ್ಯಾಟಿಯ ನೀಲಿ ಇವತ್ತು ಎಲ್ಲರಿಗಿಂತ ಮೊದಲು ಬಂದಿತ್ತಂತೆ. ದಕ್ಷಿಣದಿಂದ ಅಷ್ಟು ದೂರ ಹಾರಿ ಬಂತು, ಗೂಡಿಗೆ ಇಳಿಯಲಿಲ್ಲ. ಒಳಗೆ ಬಂದು, ಕಾಲಿನ ರಬ್ಬರ್ ಉಂಗುರ ಬಿಚ್ಚಿ, ಬಂದ ಹೊತ್ತು ಗುರುತು ಹಾಕೋ ಗಡಿಯಾರದ ಡಬ್ಬಿಗೆ ಹಾಕೋ ತನಕ ಲೆಕ್ಕಕ್ಕಿಲ್ಲ. ಅಷ್ಟರಲ್ಲಿ ಬೇರೆಯವರ ಹಕ್ಕಿಗಳೆಲ್ಲಾ ದಾಟಿಹೋದವು."

"ಅಯ್ಯೋ ಪಾಪ. ಯಾಕೆ ಇಳಿಯಲಿಲ್ಲ?"

ನಾರ್ಮನ್ ಟೋಪಿಯನ್ನು ಒಂದು ಸುತ್ತು ತಿರುಗಿಸಿದ. "ನಿನ್ನ ಗಳ. ನಿನ್ನ ಪ್ಲಾಸ್ಟಿಕ್ಕು. ಗೂಡಿನ ಬಾಯಿಗೆ ಎದುರಾಗಿ ಅಷ್ಟೆತ್ತರ ಏನೋ ಹೊಸದು ನಿಂತು ಪಟಪಟ ಅಂದ್ರೆ ಹಕ್ಕಿ ಇಳಿಯಲ್ಲ ಕಣೇ. ಮುದುಕ ಆಲ್ಡರ್ಸನ್ ಅದಕ್ಕೇ ಬೀನ್ಸ್ ಆಚೆ ಕಡೆ ಹಾಕ್ತಿದ್ದದ್ದು. ಮ್ಯಾಟಿ ನನಗೆ ಹೇಳಿದ್ದ, ನಿನಗೆ ಹೇಳು ಅಂತ."

"ಯಾವಾಗ?"

"ಮಾರ್ಚಲ್ಲಿ."

"ಮಾರ್ಚಲ್ಲಿ!" ಥೆಲ್ಮಾಳ ಪಿತ್ತ ನೆತ್ತಿಗೇರಿತು. "ನೀನು ಯಾಕೆ ಬಾಯಿ ಬಿಡಲಿಲ್ಲ?"

"ನೀನೇ ಹೇಳು ಅಂತ ನಾನು ಅವನಿಗೆ ಹೇಳಿದೆ. ಅವನು ನಿನ್ನ ಹೆಂಡತಿಗೆ ನೀನೇ ಹೇಳು ಅಂದ. ನಿನ್ನ ಆ ನಕ್ಷೆ ನೋಡಿದ ಮೇಲೆ ನನಗೆ ಧೈರ್ಯ ಬರಲಿಲ್ಲ."

"ಒಂದು ಮಾತು ಹೇಳೋಕೆ ಇಬ್ಬರು ಗಂಡಸರಿಗೆ ಮಾರ್ಚಿಂದ ಇಲ್ಲೀವರೆಗೆ ಸಾಕಾಗಲಿಲ್ಲ!" ಅವಳು ಪಾತ್ರೆಗಳನ್ನು ಕುಕ್ಕಿ ಕುಕ್ಕಿ ಇಟ್ಟಳು. ಸಿಟ್ಟು ಗಂಡನ ಮೇಲೆ ಬಂತು, ಮ್ಯಾಟಿಯ ಮೇಲೆ ಬಂತು, ಪಾರಿವಾಳದ ಮೇಲೆ ಬಂತು. "ನೆಲ ನಂದು. ಇಷ್ಟು ವರ್ಷ ಕಾದಿದ್ದು ಒಂದು ಹಕ್ಕಿಯನ್ನ ಕೇಳಿ ಬೀನ್ಸ್ ಹಾಕೋಕಾ? ಕೀಳಲ್ಲ. ಗಳ ಇದ್ದಲ್ಲೇ ಇರುತ್ತೆ."

ಭಾನುವಾರ ಹೆಪಲ್ ಬಾಯಲ್ಲಿ ಸಕ್ಕರೆ ಹಾಕಿಕೊಂಡು ಬಂದ. ಬೇಲಿಯ ಆಚೆ ನಿಂತು, "ಮ್ಯಾಟಿಯದ್ದು ಕೇಳಿ ಬಹಳ ಬೇಸರವಾಯ್ತು. ನೆರೆಯವರಿಗೆ ಉಪದ್ರವ ಅಂತ ಅವನು ಒಂದು ಮಾತು ದೂರಿದ್ರೆ ಸಾಕು ನೋಡಿ, ಮತ್ತೆ ನನ್ನ ಕೈಲೇನೂ ಇಲ್ಲ," ಅಂದ. ಅವನ ಕಣ್ಣು ಆಗಲೇ ಭಾಮೈದನ ಪರವಾಗಿ ಮಡಿಗಳನ್ನು ಅಳೆಯುತ್ತಿತ್ತು.

ಥೆಲ್ಮಾ ವಾರವೆಲ್ಲಾ ಕಾದಳು. ಮ್ಯಾಟಿ ಜಗಳಕ್ಕೆ ಬಂದರೆ ಏನು ಹೇಳಬೇಕು ಅಂತ ಕಳೆ ಕೀಳುತ್ತಾ ಮಾತು ಜೋಡಿಸಿಟ್ಟುಕೊಂಡಳು. ಅವನು ಬರಲಿಲ್ಲ. ದಿನಾ ಬೆಳಿಗ್ಗೆ ಟೋಪಿ ಮುಟ್ಟಿ ತಲೆಯಾಡಿಸುತ್ತಿದ್ದ, ಅಷ್ಟೆ. ದೂರೂ ಕೊಡಲಿಲ್ಲ. ಜೋಡಿಸಿಟ್ಟ ಮಾತೆಲ್ಲಾ ಹಳಸಿಹೋಯಿತು. ಬುಧವಾರ ಅವಳು ಯಾರೂ ನೋಡದಾಗ ಪ್ಲಾಸ್ಟಿಕ್ ಪಟ್ಟಿಗಳನ್ನೆಲ್ಲಾ ಬಿಚ್ಚಿಹಾಕಿದಳು. ಕ್ಷಮೆ ಕೇಳೋಣ ಅಂತ ಬೇಲಿಯವರೆಗೆ ಹೋದವಳು "ನಾಳೆ ಮಳೆ ಬರುತ್ತೇನೋ" ಅಂದು ವಾಪಸ್ಸು ಬಂದಳು. ಗಳಗಳನ್ನು ಮಾತ್ರ ಮುಟ್ಟಲಿಲ್ಲ.

"ಗಳ ಕಿತ್ತು ಆಮೇಲೆ ಬೇರೆ ಕಡೆ ಹಾಕೋಣ ಬಿಡೇ," ಅಂದ ನಾರ್ಮನ್ ಶುಕ್ರವಾರ.

"ನಾಳೆ ಸುತ್ತು. ಗಳ ಕಿತ್ರೆ ಆ ತುದಿಯೆಲ್ಲಾ ಬೋಳು. ಬೀನ್ಸ್ ಆಚೆಗೆ ಹೋದ್ರೆ ಎಲ್ಲಾ ಮಡಿನೂ ಹೊಸದಾಗಿ ಮಾಡಬೇಕು, ಒಂದು ದಿನದಲ್ಲಿ ಆಗುತ್ತಾ? ಗುರುತಾಗಿಲ್ಲ ಅಂತ ಬರೆದು ಹೆಪಲ್ ನಾಳೆ ಸಂಜೆಗೇ ಬೀಗದ ಕೈ ಇಸ್ಕೋತಾನೆ." ಅವಳ ದನಿ ಸಣ್ಣಗಾಯಿತು. "ಸಮಿತಿ ನೋಡಿಹೋಗಲಿ ನಾರ್ಮನ್. ಭಾನುವಾರ ಬೆಳಿಗ್ಗೆನೇ ಕೀಳ್ತೀನಿ."

"ನಾಳೆ ಮಧ್ಯಾಹ್ನಾನೇ ಮ್ಯಾಟಿಯ ಹಕ್ಕಿನೂ ಬರೋದು."

"ಗೊತ್ತು," ಅಂದಳು ಥೆಲ್ಮಾ. ಆ ರಾತ್ರಿ ಅವಳಿಗೆ ಊಟ ಸೇರಲಿಲ್ಲ.

ಸಮಿತಿ ಅಂದರೆ ಮೂರು ಜನ. ಒಬ್ಬ ಹೆಪಲ್. ಎರಡನೆಯವನು ಟಾಮಿ ಬೆಲ್. ಕಿವಿ ಮಂದ, ಯಾರು ಕೊನೆಗೆ ಮಾತಾಡುತ್ತಾರೋ ಅವರ ಕಡೆಗೆ ತಲೆಯಾಡಿಸುವುದು ಅವನ ಪದ್ಧತಿ. ಮೂರನೆಯವನು ಸಾಕ್ಷಾತ್ ಮ್ಯಾಟಿ. ಅವತ್ತು ಹಕ್ಕಿ ಬರುವ ದಿನವಾದ್ದರಿಂದ ಅವನು ಸಮಿತಿಯ ಜೊತೆ ಸುತ್ತಲು ಬರದೆ, ಗಡಿಯಾರದ ಡಬ್ಬಿಯನ್ನು ಪಕ್ಕಕ್ಕಿಟ್ಟುಕೊಂಡು ತನ್ನ ಗೂಡಿನ ಮೆಟ್ಟಿಲ ಮೇಲೆ ಕುಳಿತಿದ್ದ.

ಹೆಪಲ್ ಸೂಟು ಹಾಕಿ, ಬೂಟಿಗೆ ಪಾಲಿಶ್ ಬಳಿದು ಬಂದಿದ್ದ. ಊರುಗೋಲಿನಿಂದ ಮಡಿ ಅಳೆದ. ದಾರಿಯ ಮೇಲೆ ಹಿಂದೆ ಮುಂದೆ ನಡೆದ. ಮಣ್ಣು ಕೆದಕಿ ಹುಲ್ಲಿನ ಬೇರು ಹುಡುಕಿದ, ಸಿಗಲಿಲ್ಲ. ತಪ್ಪು ಹುಡುಕೋಕೆ ಬಂದವನಿಗೆ ತಪ್ಪು ಸಿಗದಿದ್ದರೆ ಎಷ್ಟು ಸಂಕಟ ಅಂತ ಅವನ ಮುಖ ನೋಡಿ ತಿಳಿಯಬೇಕಿತ್ತು.

"ಬೀನ್ಸು... ಉತ್ತರಕ್ಕೆ. ಹ್ಞೂಂ. ಸರಿಯಾಗಿದೆ," ಅಂದ ಕಷ್ಟಪಟ್ಟು. ಟಾಮಿ ತಲೆಯಾಡಿಸಿದ. ಗೇಟಿನ ಹತ್ತಿರ ನಿಂತಿದ್ದ ನಾರ್ಮನ್ ಥೆಲ್ಮಾಳ ಕಡೆ ನೋಡಿ ಹಲ್ಲುಬಿಟ್ಟ. ಇನ್ನು ಒಂದೇ ಒಂದು ಮಾತು ಹೆಪಲ್‌ನ ಬಾಯಿಂದ ಬರಬೇಕಿತ್ತು.

ಆಗ ರೈಲು ಹಳಿಯ ಮೇಲೆ, ಆಕಾಶದಲ್ಲಿ, ಒಂದು ಚುಕ್ಕೆ ಕಾಣಿಸಿತು.

ಥೆಲ್ಮಾ ಮ್ಯಾಟಿಯ ಕಡೆ ತಿರುಗಿದಳು. ಅವನು ಎದ್ದು ನಿಂತಿದ್ದ. ಜೋಳದ ಡಬ್ಬಿ ಕೈಗೆತ್ತಿಕೊಂಡಿದ್ದ. ಅವನು ಚುಕ್ಕೆ ನೋಡಿದ, ಗಳ ನೋಡಿದ, ಥೆಲ್ಮಾಳನ್ನು ನೋಡಿದ. ಆಮೇಲೆ ಮುಖವನ್ನು ಆಚೆಗೆ ತಿರುಗಿಸಿಕೊಂಡ. ತನ್ನ ಮುಖ ನೋಡಿ ಅವಳಿಗೆ ಸಂಕೋಚವಾಗಬಾರದು ಅಂತ! ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು, ಬೇಡಿದ್ದರೂ ತಡೆದುಕೊಳ್ಳುತ್ತಿದ್ದಳು. ಇದನ್ನು ತಡೆದುಕೊಳ್ಳೋಕೆ ಅವಳಿಂದ ಆಗಲಿಲ್ಲ.

"ಹಾಳಾಗಿ ಹೋಗಲಿ!" ಅಂದವಳೇ ಬಟಾಣಿ ಮಡಿಯ ಮೇಲೆಯೇ ಓಡಿ ಮೊದಲ ಗಳಕ್ಕೆ ಕೈ ಹಾಕಿದಳು. ಕಿತ್ತಳು. ಕಟ್ಟಿದ್ದ ತುದಿಗಳು ಒಂದನ್ನೊಂದು ಎಳೆದುಕೊಂಡು ಇಡೀ ಸಾಲು ಧಡಧಡ ಅಂತ ಆಲೂಗಡ್ಡೆಯ ಮೇಲೆ ಬಿತ್ತು. ಉಳಿದ ಸಾಲನ್ನು ಭುಜ ಕೊಟ್ಟು ಉರುಳಿಸಿದಳು. ಆಮೇಲೆ, ಶಾಲೆಯ ಊಟದ ಕೋಣೆಯಲ್ಲಿ ಇನ್ನೂರು ಮಕ್ಕಳನ್ನು ಒಂದೇ ಸಲಕ್ಕೆ ಸುಮ್ಮನಾಗಿಸುತ್ತಿದ್ದ ಆ ದನಿಯಲ್ಲಿ:

"ಬಗ್ಗಿ! ಎಲ್ಲರೂ ಕೆಳಗೆ ಬಗ್ಗಿ! ಒಬ್ಬರೂ ನಿಂತಿರಬಾರದು!"

ಟಾಮಿಗೂ ಕೇಳಿಸಿತು ಅಂದರೆ ನೋಡಿ. ಅವನು ಪ್ರಶ್ನೆ ಕೇಳದೆ ಆಲೂಗಡ್ಡೆಯ ಕಾಲುವೆಯಲ್ಲಿ ಉದ್ದಕ್ಕೆ ಮಲಗಿಬಿಟ್ಟ. ನಾರ್ಮನ್ ಇದ್ದಲ್ಲೇ ಕುಕ್ಕರಿಸಿದ.

"ಮಿಸೆಸ್ ಡಾಡ್ಸ್, ನಾನು ಈ ಸಂಘದ ಅಧ್ಯಕ್..."

ಥೆಲ್ಮಾ ಅವನ ಕೋಟಿನ ಹಿಂಭಾಗ ಹಿಡಿದು ಒಂದು ಎಳೆತ ಎಳೆದಳು. ಅಧ್ಯಕ್ಷರು ಕ್ಯಾರೆಟ್ ಮಡಿಯಲ್ಲಿ ಬೋರಲಾದರು. ಅವನ ಪಕ್ಕಕ್ಕೇ ಅವಳೂ ಬಿದ್ದುಕೊಂಡಳು. ಕೆನ್ನೆಗೆ ಮಣ್ಣು ತಣ್ಣಗೆ ತಾಕಿತು.

ಎಲ್ಲಾ ನಿಶ್ಶಬ್ದ. ಡಬ್ಬಿಯೊಳಗೆ ಜೋಳ ಗಲಗಲ ಅನ್ನುವುದೊಂದೇ ಸದ್ದು. "ಬಾರಮ್ಮಾ... ಬಾ ಬಾ..." ತಲೆಯ ಮೇಲೆ ರೆಕ್ಕೆಯ ಸದ್ದು ಬಂತು, ಒಂದು ಸುತ್ತು ಹೋಯಿತು. ಮತ್ತೆ ಬಂತು ಸದ್ದು, ಈ ಸಲ ಇನ್ನೂ ಕೆಳಗೆ. ಗೂಡಿನ ಹಲಗೆಯ ಮೇಲೆ ಪುಟ್ಟ ಕಾಲುಗಳು ಟಪಟಪ ಅಂದವು. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಗಡಿಯಾರದ ಡಬ್ಬಿ ಕಟಕ್ ಅಂತ ಮುಚ್ಚಿಕೊಂಡಿತು.

"ಆಯ್ತು!" ಅಂತ ಮ್ಯಾಟಿ ಕೂಗಿದ. ಅವನ ಗಂಟಲಿನಿಂದ ಅಷ್ಟು ಜೋರು ದನಿ ಯಾರೂ ಕೇಳಿರಲಿಲ್ಲ.

ಎದ್ದು ನೋಡಿದರೆ ತೋಟ ಎಲ್ಲಿದೆ? ಆಲೂಗಡ್ಡೆಯ ಮೇಲೆ ಗಳದ ರಾಶಿ, ಬಟಾಣಿಯ ಮೇಲೆ ಅವಳದೇ ಹೆಜ್ಜೆ, ಕ್ಯಾರೆಟ್ ಮಡಿಯಲ್ಲಿ ಹೆಪಲ್‌ನ ಹೊಟ್ಟೆಯ ಅಚ್ಚು. ದಾರಗಳು ಹರಿದು ಜೋತಾಡುತ್ತಿದ್ದವು. ಹೆಪಲ್ ಟೈಯಿಂದ ಮಣ್ಣು ಒರೆಸಿಕೊಂಡು ನೆಟ್ಟಗೆ ನಿಂತ. ಮುಖದಲ್ಲಿ ಕಳೆ ಬಂದಿತ್ತು.

"ಮಡಿ ಎಲ್ಲಿದೆ ಇಲ್ಲಿ? ನನಗೇನೂ ಕಾಣಿಸ್ತಿಲ್ಲ. ನಿಯಮ ನಿಯಮಾನೇ ಮಿಸೆಸ್ ಡಾಡ್ಸ್."

ಟಾಮಿ ತಲೆಯಾಡಿಸಿದ.

"ಇತ್ತು. ನಾನೇ ಕಿತ್ತೆ," ಅಂದಳು ಥೆಲ್ಮಾ. ಜೇಬಿನಿಂದ ಬೀಗದ ಕೈ ತೆಗೆದು ಚಾಚಿದಳು. ಈ ಮನುಷ್ಯನ ಮುಂದೆ ಅಳೋಕೆ ಅವಳು ತಯಾರಿರಲಿಲ್ಲ. "ತಗೊಳ್ಳಿ. ನಿಮ್ಮ ಭಾಮೈದನಿಗೆ ಹೇಳಿ, ಮಣ್ಣು ಚೆನ್ನಾಗಿದೆ."

ಹೆಪಲ್ ಕೈ ಮುಂದೆ ಮಾಡಿದ.

"ಏ ಹೆಪಲ್, ಆ ಕೈ ಇಳಿಸು," ಅನ್ನುವ ದನಿ ಬೇಲಿಯ ಕಡೆಯಿಂದ ಬಂತು. ಮ್ಯಾಟಿ ಗಡಿಯಾರದ ಡಬ್ಬಿಯನ್ನು ಕಂಕುಳಲ್ಲಿ ಇರುಕಿಕೊಂಡೇ ಬಂದಿದ್ದ. ಟೋಪಿ ಹಿಂದಕ್ಕೆ ಸರಿದಿತ್ತು, ಸರಿಮಾಡಿಕೊಳ್ಳೋಕೆ ಅವನಿಗೆ ಪುರಸೊತ್ತಿರಲಿಲ್ಲ. "ನಾನೂ ಸಮಿತಿಯವನೇ. ಮಡಿ ಕಾಣಿಸ್ತಿಲ್ಲ ಅಂತೀಯಲ್ಲ, ನಾನು ಮಾರ್ಚಿಂದ ದಿನಾ ನೋಡಿದ್ದೀನಿ, ಒಂದೊಂದು ಅಂಚೂ. ನಿನ್ನ ಮಡಿಯಲ್ಲಿ ನನ್ನ ಹಕ್ಕಿ ನಡೆದರೂ ಎಡವುತ್ತೆ. ಈಗ ಇಲ್ಲಿ ಹಾಳಾಗಿರೋದು ಎರಡು ಕಾರಣಕ್ಕೆ. ಒಂದು ನನ್ನ ಹಕ್ಕಿ, ಇನ್ನೊಂದು ನಿನ್ನ ಹೊಟ್ಟೆ. ಇವರು ಎಲ್ಲಿಗೂ ಹೋಗಲ್ಲ. ನನ್ನ ಪಕ್ಕದಲ್ಲೇ ಇರ್ತಾರೆ."

ಹೇಳಿ ಮುಗಿಸಿ, ಇಷ್ಟು ಮಾತು ತಾನೇ ಆಡಿದನಾ ಅಂತ ಅವನಿಗೇ ಗಾಬರಿಯಾದ ಹಾಗೆ ಕಾಣಿಸಿತು.

ಟಾಮಿ ಬೆಲ್ ಜೋರಾಗಿ ತಲೆಯಾಡಿಸಿದ.

ಒಂದಕ್ಕೆ ಎರಡು ಮತ. ಹೆಪಲ್ ಏನೋ ಗೊಣಗಿಕೊಂಡು, ಬೂಟು ಕೊಡವುತ್ತಾ ಗೇಟು ದಾಟಿಹೋದ. ಥೆಲ್ಮಾ ಬೀಗದ ಕೈ ಹಿಡಿದ ಕೈಯನ್ನು ಹಾಗೇ ಚಾಚಿಕೊಂಡು ನಿಂತಿದ್ದಳು. ನಾರ್ಮನ್ ಬಂದು ಆ ಕೈಯನ್ನು ಮಡಚಿ ಅವಳ ಜೇಬಿಗೆ ಹಾಕಿದ. ಆಗ ಅಳು ಬಂದೇಬಿಟ್ಟಿತು, ಬಂದರೆ ಬರಲಿ ಅಂತ ಅವಳೂ ಬಿಟ್ಟಳು.

"ಈಗ್ಲೇ ಹೇಳ್ತೀನಿ ಮ್ಯಾಟಿ," ಅಂದಳು ಮೂಗು ಒರೆಸಿಕೊಂಡು, "ಬೀನ್ಸ್‌ನ ದಕ್ಷಿಣಕ್ಕಂತೂ ಹಾಕಲ್ಲ. ನನ್ನ ಲೆಟ್ಯೂಸು ಕತ್ತಲಲ್ಲಿ ಬೆಳೆಯಲ್ಲ."

"ಬೇಡ ಬಿಡಿ. ಬೇರೇನಾದರೂ ನೋಡೋಣ," ಅಂದ ಮ್ಯಾಟಿ. ಗಡಿಯಾರ ಕ್ಲಬ್ಬಿಗೆ ತಲುಪಿಸಬೇಕು ಅಂತ ಆಮೇಲೆ ನೆನಪಾಗಿ ಓಡಿದ.

ಭಾನುವಾರ ಮೂವರೂ ಸೇರಿದರು. ಒಂದೇ ಒಂದು ಗಳವನ್ನು ಅಲ್ಲಿ ನೆಟ್ಟು, ಇಲ್ಲಿ ನೆಟ್ಟು, ನೆರಳು ಎಲ್ಲಿ ಬೀಳುತ್ತೆ ಅಂತ ಮಧ್ಯಾಹ್ನದ ತನಕ ಕಿತ್ತಾಡಿದರು. ಕೊನೆಗೆ ದಾರಿ ಸಿಕ್ಕಿತು, ಥೆಲ್ಮಾಗೇ ಸಿಕ್ಕಿತು. ಸಾಲನ್ನು ಅಡ್ಡಕ್ಕೆ ಹಾಕುವ ಬದಲು ಉದ್ದಕ್ಕೆ ತಿರುಗಿಸಿ, ಪಡುವಣ ಬೇಲಿಯ ಗುಂಟ ತೆಗೆದುಕೊಂಡು ಹೋಗುವುದು. ಬೆಳಗಿನ ನೆರಳು ಬೇಲಿಯ ಆಚೆ ಬೀಳುತ್ತೆ, ಸಂಜೆಯದ್ದಕ್ಕೆ ಯಾರಿಗೂ ತಕರಾರಿಲ್ಲ. ಗೂಡಿನ ಹತ್ತಿರ ಬರುವ ಮೊದಲೇ ಸಾಲು ನಿಲ್ಲುತ್ತೆ. ಆ ತುದಿಗೆ ಈರುಳ್ಳಿ. ಆಲ್ಡರ್ಸನ್‌ನ ಉಲ್ಟಾ ನಕ್ಷೆಯೂ ಅಲ್ಲ, ಅವಳ ಮೊದಲಿನ ನಕ್ಷೆಯೂ ಅಲ್ಲ. ಥೆಲ್ಮಾ ಮಂಡಿಯೂರಿ ಹೊಸ ದಾರ ಬಿಗಿದಳು.

ಮ್ಯಾಟಿ ಮಾತ್ರ ಹೋಗದೆ ಅಲ್ಲೇ ನಿಂತಿದ್ದ.

"ಏನು? ಇನ್ನೂ ಏನಾದರೂ ಇದೆಯಾ? ಈ ಸಲ ಬಾಯಿ ಬಿಟ್ಟು ಹೇಳಿ, ನನ್ನ ಗಂಡನ ಕೈಲಿ ಹೇಳಿ ಕಳಿಸಬೇಡಿ."

"ಗಳ ಸರಿಹೋಯ್ತು," ಅಂದ ಮ್ಯಾಟಿ. "ನೀವು?"

"ನಾನೇನು?"

"ಶನಿವಾರ ಮಧ್ಯಾಹ್ನ ಹಕ್ಕಿ ಬರೋ ಹೊತ್ತಲ್ಲಿ ನೀವೂ ಇಲ್ಲಿ ನಿಂತು ಓಡಾಡೋ ಹಾಗಿಲ್ಲ. ಹಕ್ಕಿ ಕಣ್ಣಿಗೆ ನೀವೂ ಒಂದು ಗಳಾನೇ. ಒಂದೆರಡು ಗಂಟೆ ಅಲ್ಲಾಡದೆ ಕೂತಿರಬೇಕು."

"ಎಲ್ಲಿ ಕೂರಲಿ?"

ಮೂವರೂ ನೆಲ ನೋಡಿದರು. ಕ್ಯಾರೆಟ್ಟಿಗೆ ಜಾಗ ಇತ್ತು, ಗೊಬ್ಬರದ ಗುಂಡಿಗೆ ಇತ್ತು, ಕೈಗಾಡಿ ತಿರುಗಿಸೋಕೂ ಇತ್ತು. ಕೂರೋಕೆ ಒಂದು ಅಂಗೈ ಅಗಲ ಜಾಗವೂ ಇರಲಿಲ್ಲ. ನಾರ್ಮನ್ ನಕ್ಕ, ಕೆಮ್ಮು ಬರುವ ತನಕ ನಕ್ಕ.

"ಇವಳು ಕೂತಿದ್ದನ್ನ ಮದುವೆಯಾದಾಗಿನಿಂದ ನಾನೇ ನೋಡಿಲ್ಲ ಮ್ಯಾಟಿ," ಅಂದ. "ಊಟ ಕೂಡ ಒಲೆ ಪಕ್ಕ ನಿಂತ್ಕೊಂಡೇ."

ಅದು ನಿಜ. ಥೆಲ್ಮಾ ಈರುಳ್ಳಿಯ ಮಡಿಯಿಂದ ಎರಡು ಸಾಲು ಕಡಿಮೆಮಾಡಿ ದಾರ ಹಿಂದಕ್ಕೆ ಸರಿಸಿದಳು. ಮ್ಯಾಟಿ ತನ್ನ ಗೂಡಿನ ಹಿಂದಿನಿಂದ ಒಂದು ಗಿಡ್ಡ ಮರದ ಬೆಂಚು ಎಳೆದು ತಂದು ಅಲ್ಲಿ ಹಾಕಿದ.

ಮುಂದಿನ ಶನಿವಾರ ಅವಳು ಅದರ ಮೇಲೆ ಕುಳಿತಳು. ಮೊದಲು ಕೈಗಳನ್ನು ಏನು ಮಾಡಬೇಕು ಅಂತಲೇ ತಿಳಿಯಲಿಲ್ಲ. ಕುಳಿತಲ್ಲಿಂದಲೇ ಬಗ್ಗಿ ಒಂದು ಕಳೆ ಕಿತ್ತಳು. ಮ್ಯಾಟಿ "ಶ್" ಅಂದ. ಇನ್ನೊಂದು ಕಿತ್ತಳು, ಮತ್ತೆ "ಶ್". ಆಮೇಲೆ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನಾದಳು. ಬಿಸಿಲು ಮುಖಕ್ಕೆ ಬೀಳುತ್ತಿತ್ತು. ಆಲೂಗಡ್ಡೆಯ ಮಡಿಯಲ್ಲಿ ಮಣ್ಣು ಸೀಳಿಕೊಂಡು ಮೊದಲ ಎಲೆ ಎದ್ದಿತ್ತು, ನಿಂತಿದ್ದರೆ ಕಾಣುತ್ತಿರಲಿಲ್ಲ. ತನ್ನ ನೆಲವನ್ನು ಅವಳು ಅಗೆದಿದ್ದಳು, ಅಳೆದಿದ್ದಳು, ಅದಕ್ಕಾಗಿ ಅತ್ತಿದ್ದಳು. ಹೀಗೆ ಕೂತು ನೋಡಿರಲಿಲ್ಲ. ಎಷ್ಟು ಚೆನ್ನಾಗಿದೆ ಅನ್ನಿಸಿತು.

ನೀಲಿ ಬಂತು, ಸೀದಾ ಇಳಿಯಿತು, ಗೂಡಿನೊಳಗೆ ಹೋಯಿತು. ಗಡಿಯಾರ ಕಟಕ್ ಅಂದಿತು.

"ಇನ್ನು ಏಳಬಹುದು ಮಿಸೆಸ್ ಡಾಡ್ಸ್!" ಅಂತ ಮ್ಯಾಟಿ ಕೂಗಿದ.

ಥೆಲ್ಮಾ ಏಳಲಿಲ್ಲ. "ಸರಿಯಾಗಿ ನೋಡಿ," ಅಂದಳು. "ಇನ್ನೂ ಯಾವುದಾದರೂ ಹಕ್ಕಿ ಬರೋದಿರಬಹುದು."

ಬರೋದು ಯಾವುದೂ ಇರಲಿಲ್ಲ. ಅವನು ಅವತ್ತು ಬಿಟ್ಟಿದ್ದದ್ದೇ ಒಂದು. ಮ್ಯಾಟಿ ಖಾಲಿ ಆಕಾಶವನ್ನು ಬಹಳ ಹೊತ್ತು ನೋಡಿದ.

"ಹೌದು, ಇರಬಹುದು," ಅಂದ. "ಕೂತಿರಿ."